ಕೊರಳಿನ ಕಪ್ಪು ಮತ್ತು ತೂಕದ ದಫ್ತರಗಳು



ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದ. 1996-97ನೆಯ ಸಾಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದವನು. ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಮಗನಿಗೆ ಹದಿಮೂರು ವರ್ಷ. ವಯಸ್ಸಿಗೆ ಮೀರಿದ ಮೈ, ನಾಚಿಕೆಯ ಸ್ವಭಾವ. ಹುಡುಗ ನಮಸ್ಕರಿಸಲು ಬಾಗಿದಾಗ ಅವನ ಕೊರಳಿನ ಹಿಂಭಾಗ ನನ್ನ ಕಣ್ಣಿಗೆ ಬಿತ್ತು. ಮಸಿ ಮೆತ್ತಿದಂತೆ ಕಪ್ಪು ಪಟ್ಟಿ. ಮಖಮಲ್ಲಿನಂತೆ ತುಸು ದಪ್ಪಗಾದ ಚರ್ಮ. ಅದನ್ನು ಕಂಡೊಡನೆ ಹಲವು ವರ್ಷಗಳ ಹಿಂದೆ ಕಂಡಿದ್ದ ಇನ್ನೊಂದು ಕೊರಳು ನೆನಪಾಯಿತು. ಅದು ಈ ಹುಡುಗನ ತಂದೆಯದು.

ಆಗ ಸೋಮವಾರಗಳಂದು ಶುಚಿತ್ವದ ತಪಾಸಣೆ ನಡೆಸುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಉಗುರು, ತಲೆಗೂದಲು, ಸಮವಸ್ತ್ರ, ಹೀಗೆ. ಅಂಥ ಒಂದು ಸೋಮವಾರ ಅವನ ಕೊರಳನ್ನು ನೋಡಿ, "ಸ್ನಾನ ಮಾಡಿ ಎಷ್ಟು ದಿನವಾಯಿತಯ್ಯಾ? ಹೋಗು, ಚೆನ್ನಾಗಿ ಉಜ್ಜಿಕೊಂಡು ಬಾ" ಎಂದು ಇಡೀ ತರಗತಿಯ ಮುಂದೆ ಗದರಿ, ಅಂಗಳದ ನಲ್ಲಿಯ ಬಳಿಗೆ ಕಳುಹಿಸಿದ್ದೆ. ಹುಡುಗರೆಲ್ಲ ನಕ್ಕರು. ಅವನು ಹಿಂದಿರುಗಿದಾಗ ಕೊರಳು ಕೆಂಪಾಗಿ ತರಚಿಕೊಂಡಿತ್ತು; ಕಪ್ಪು ಮಾತ್ರ ಹೋಗಿರಲಿಲ್ಲ. ಸರಿಯಾಗಿ ಉಜ್ಜಿಲ್ಲವೆಂದು ನಾನು ಮತ್ತೊಮ್ಮೆ ಗದರಿದೆ.

ಕಾಫಿ ಕುಡಿಯುತ್ತಾ ಅವನೇ ಆ ಪ್ರಸಂಗವನ್ನು ಎತ್ತಿದ. ಕೋಪದಿಂದಲ್ಲ, ನಗುತ್ತಲೇ. "ಸರ್, ಅದು ಕೊಳೆಯಲ್ಲವಂತೆ. ಮೂವತ್ತೊಂದನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಪತ್ತೆಯಾದಾಗ ಡಾಕ್ಟರು ಹೇಳಿದರು. ಈಗ ಇವನಿಗೂ ಬಂದಿದೆ. ಸಕ್ಕರೆ ಇನ್ನೂ ಗಡಿಯಲ್ಲಿದೆ ಅಂತ ಹೇಳಿದ್ದಾರೆ." ಆ ಕಪ್ಪಿಗೆ ಅಕಾಂಥೋಸಿಸ್ ನೈಗ್ರಿಕನ್ಸ್ ಎಂದು ಹೆಸರು. ದೇಹದಲ್ಲಿ ಕೊಬ್ಬು ಹೆಚ್ಚಿ, ಅಂಗಾಂಗಗಳು ಇನ್ಸುಲಿನ್ನಿನ ಮಾತು ಕೇಳದೆ ಹೋದಾಗ ಮೇದೋಜೀರಕ ಗ್ರಂಥಿಯು ಇನ್ನಷ್ಟು ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಹಾಗೆ ರಕ್ತದಲ್ಲಿ ತುಂಬಿದ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ಕೆಣಕಿ ಬೆಳೆಸುತ್ತದೆ. ಕೊರಳು, ಕಂಕುಳಗಳಂಥ ಮಡಿಕೆಗಳಲ್ಲಿ ಅದು ಕಪ್ಪಾಗಿ ಕಾಣಿಸಿಕೊಳ್ಳುತ್ತದೆ. ಯಾವ ಸಾಬೂನಿಗೂ ಅದು ಹೋಗುವಂಥದಲ್ಲ.

ಅವರು ಹೊರಟ ಮೇಲೆ ನನಗೆ ಸಮಾಧಾನವಾಗಲಿಲ್ಲ. ವಿಜ್ಞಾನ ನನ್ನ ವಿಷಯವಲ್ಲ. ಮೂವತ್ತನಾಲ್ಕು ವರ್ಷ ನಾನು ಕಲಿಸಿದ್ದು ಸಮಾಜ ವಿಜ್ಞಾನ. ಆದರೂ ಇತಿಹಾಸದ ಮೇಷ್ಟರಿಗೆ ಇಸವಿ ಹುಡುಕುವ ಚಟವೊಂದು ಬಿಡದು. ಈ ಕಪ್ಪನ್ನು ಚರ್ಮವೈದ್ಯರು 1890ರ ವೇಳೆಗೇ ವರ್ಣಿಸಿದ್ದರು. ಅದಕ್ಕೂ ಇನ್ಸುಲಿನ್ ಪ್ರತಿರೋಧಕ್ಕೂ ಇರುವ ನಂಟನ್ನು ಅಮೆರಿಕದ ರೊನಾಲ್ಡ್ ಕಾನ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1976ರಲ್ಲಿ. ಅಂದರೆ ನಾನು ಆ ಹುಡುಗನನ್ನು ನಲ್ಲಿಗೆ ಕಳುಹಿಸುವ ಇಪ್ಪತ್ತು ವರ್ಷಗಳ ಮೊದಲೇ ವಿಷಯ ತಿಳಿದವರಿಗೆ ತಿಳಿದಿತ್ತು. ನನ್ನ ಬಿ.ಎಡ್. ತರಬೇತಿಯಲ್ಲಿ ಶಾಲಾ ಆರೋಗ್ಯವೆಂಬ ಪಾಠವೊಂದು ಇದ್ದುದು ನಿಜ. ಅದರಲ್ಲಿ ಹೇನು, ಕಜ್ಜಿ, ಇರುಳುಗುರುಡು, ರಕ್ತಹೀನತೆಗಳಿದ್ದವು. ದಪ್ಪ ಮಕ್ಕಳ ಪ್ರಸ್ತಾಪವೇ ಇರಲಿಲ್ಲ.

ಇರದಿದ್ದುದಕ್ಕೆ ಕಾರಣವೂ ಇತ್ತೆನ್ನಿ. ನಮ್ಮ ಕಾಲದ ಶಾಲೆಗೆ ತೆಳ್ಳಗಿನ ಮಗುವೇ ಚಿಂತೆಯ ವಿಷಯ. ನಾನು ಪ್ರಾಥಮಿಕ ಶಾಲೆಯಲ್ಲಿದ್ದ 1960ರ ದಶಕದಲ್ಲಿ ಕೇರ್ ಸಂಸ್ಥೆಯಿಂದ ಬರುತ್ತಿದ್ದ ಮೆಕ್ಕೆಜೋಳದ ಹಿಟ್ಟಿನಿಂದ ಹಳದಿ ಬಣ್ಣದ ಉಪ್ಪಿಟ್ಟು ಮಾಡಿ ಹಂಚುತ್ತಿದ್ದರು. ಜೊತೆಗೆ ಹಾಲಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕೊಡುತ್ತಿದ್ದರು. ಆ ಉಪ್ಪಿಟ್ಟಿನ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಅದಕ್ಕಾಗಿಯೇ ಶಾಲೆಗೆ ಬರುತ್ತಿದ್ದ ಗೆಳೆಯರಿದ್ದರು. ಮೈ ಕೈ ತುಂಬಿಕೊಂಡ ಮಗುವೆಂದರೆ ಮನೆಯ ಸಿರಿತನಕ್ಕೆ ಸಾಕ್ಷಿ. ಕಳೆಕಳೆಯಾಗಿದೆ, ಗುಂಡುಗುಂಡಾಗಿದೆ ಎಂದು ಹೊಗಳಿ, ದೃಷ್ಟಿಯಾಗದಿರಲೆಂದು ಕೆನ್ನೆಗೆ ಕಪ್ಪು ಇಡುತ್ತಿದ್ದ ಜನ ನಾವು. ಮಗು ದಪ್ಪಗಾಗುವುದೂ ಒಂದು ಕೇಡಾಗಬಹುದೆಂದು ಯಾರು ತಾನೇ ನಂಬಿಯಾರು?

ಶಾಲೆ ಮತ್ತು ತಕ್ಕಡಿಯ ಸಂಬಂಧ ಮೊದಲಾದುದೇ ಈ ತೆಳುವಿನ ಭಯದಿಂದ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧಕ್ಕೆ ಸೈನಿಕರು ಬೇಕಾದಾಗ, ಇಂಗ್ಲೆಂಡಿನ ಕೈಗಾರಿಕಾ ನಗರಗಳಿಂದ ಬಂದ ಯುವಕರಲ್ಲಿ ಬಹಳ ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದರು. ಲೋಕವನ್ನೆಲ್ಲ ಆಳುವ ಸಾಮ್ರಾಜ್ಯಕ್ಕೆ ಬಂದೂಕು ಹೊರುವ ಭುಜಗಳಿಲ್ಲವೆಂಬ ಗಾಬರಿ ಹುಟ್ಟಿತು. 1904ರಲ್ಲಿ ಸಮಿತಿಯೊಂದು ವರದಿ ಕೊಟ್ಟಿತು. 1906ರಲ್ಲಿ ಶಾಲೆಗಳಲ್ಲಿ ಊಟ ಕೊಡಲು ಅವಕಾಶ ಮಾಡುವ ಶಾಸನ ಬಂತು, 1907ರಲ್ಲಿ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಬಂತು. ನಾವು ಹತ್ತನೆಯ ತರಗತಿಗೆ ಬೋಯರ್ ಯುದ್ಧದ ಬಗ್ಗೆ ಹೇಳುವಾಗ ಈ ಮಾತನ್ನು ಹೇಳುತ್ತಲೇ ಇರಲಿಲ್ಲ, ಪರೀಕ್ಷೆಗೆ ಬರುವುದಿಲ್ಲವಲ್ಲ!

ಅದೇ ಗಾಬರಿಯ ಕಾಲದಲ್ಲಿ ಹರ್ಟ್‌ಫರ್ಡ್‌ಷೈರ್ ಎಂಬ ಜಿಲ್ಲೆಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮುಖ್ಯ ಆರೋಗ್ಯ ಸಂದರ್ಶಕಿ 1911ರಿಂದ ಒಂದು ವ್ಯವಸ್ಥೆ ಮಾಡಿದರು. ಸೂಲಗಿತ್ತಿಯರು ಪ್ರತಿ ಶಿಶುವಿನ ಜನನ ತೂಕವನ್ನು ಬರೆಯಬೇಕು. ದಾದಿಯರು ಮನೆಗೆ ಹೋಗಿ ಮಗುವಿಗೆ ಏನು ಉಣಿಸುತ್ತಿದ್ದಾರೆಂದು ಕೇಳಬೇಕು, ಒಂದು ವರ್ಷ ತುಂಬಿದಾಗ ಮತ್ತೆ ತೂಗಬೇಕು. ಎಲ್ಲವೂ ದೊಡ್ಡ ದಫ್ತರಗಳಲ್ಲಿ ಬರವಣಿಗೆಯಾಯಿತು. ಆ ತಾಯಿಯ ಉದ್ದೇಶ ಶಿಶುಗಳು ಬದುಕಿ ಉಳಿಯಲಿ ಎಂಬುದಷ್ಟೇ. ಮುಂದೆ ಆ ಪುಸ್ತಕಗಳಿಗೆ ಇನ್ನೊಂದು ಜನ್ಮವಿತ್ತು, ಅದಕ್ಕೆ ಬರುತ್ತೇನೆ.

ತೂಕವನ್ನು ಎತ್ತರಕ್ಕೆ ಹೊಂದಿಸಿ ನೋಡುವ ಲೆಕ್ಕ ಇನ್ನೂ ಹಳೆಯದು. ಬೆಲ್ಜಿಯಮ್ಮಿನ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲೇ ವಯಸ್ಕರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಗುರುತಿಸಿದ್ದ. ಅಮೆರಿಕದ ಆನ್ಸೆಲ್ ಕೀಸ್ 1972ರಲ್ಲಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ನಾಮಕರಣ ಮಾಡಿದರು. ಇಂದು ನೀವೆಲ್ಲ ಮೊಬೈಲಿನಲ್ಲಿ ನೋಡಿಕೊಳ್ಳುವ ಬಿಎಂಐ ಅದೇ. ಬೆಳೆಯುವ ಮಕ್ಕಳಿಗೆ ಒಂದೇ ಅಂಕಿ ಸಲ್ಲದು, ವಯಸ್ಸಿಗೂ ಲಿಂಗಕ್ಕೂ ತಕ್ಕ ಕೋಷ್ಟಕ ಬೇಕು. ಭಾರತದ ಶಿಶುವೈದ್ಯರ ಅಕಾಡೆಮಿಯು 2015ರಲ್ಲಿ ನಮ್ಮ ಮಕ್ಕಳಿಗಾಗಿಯೇ ಕೋಷ್ಟಕಗಳನ್ನು ಪರಿಷ್ಕರಿಸಿತು. ಅದರಲ್ಲಿ ಎಚ್ಚರಿಕೆಯ ಗೆರೆಯನ್ನು ವಯಸ್ಕರ 25ಕ್ಕೆ ಬದಲು 23ಕ್ಕೆ ಹೊಂದುವಂತೆ ಕೆಳಗೆ ಎಳೆದಿದ್ದಾರೆ. ಹಾಗೇಕೆಂಬುದೇ ಈ ಬರಹದ ಮುಖ್ಯ ಸಂಗತಿ. ಅದರ ಒಂದು ಎಳೆ ನಮ್ಮ ಮೈಸೂರಿನಲ್ಲಿದೆ.

ಅಲ್ಲಿಗೆ ಹೋಗುವ ಮುನ್ನ ಅಮೆರಿಕದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1934ರಲ್ಲಿ ನ್ಯೂಯಾರ್ಕಿಗೆ ಬಂದ ಶಿಶುವೈದ್ಯೆ ಹಿಲ್ಡೆ ಬ್ರೂಕ್ ಅವರಿಗೆ ಆ ನಗರದಲ್ಲಿ ಕಂಡ ದಪ್ಪ ಮಕ್ಕಳ ಸಂಖ್ಯೆ ಬೆರಗು ಹುಟ್ಟಿಸಿತಂತೆ. ಅದು ಮಹಾ ಆರ್ಥಿಕ ಕುಸಿತದ ಕಾಲ, ರೊಟ್ಟಿಗಾಗಿ ಜನ ಸಾಲುಗಟ್ಟಿದ್ದ ಕಾಲ! ಆಗಿನ ವೈದ್ಯರು ಇದನ್ನು ಗ್ರಂಥಿಗಳ ದೋಷವೆಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಬ್ರೂಕ್ ಅವರು ಮನೆಮನೆಗೆ ಹೋಗಿ ನೋಡಿದಾಗ ಗ್ರಂಥಿಗಳಿಗಿಂತ ಊಟದ ಮೇಜಿನಲ್ಲಿಯೇ ಹೆಚ್ಚಿನ ವಿಷಯ ದೊರೆಯಿತು. ಹಸಿವನ್ನು ಉಂಡು ಬೆಳೆದ ವಲಸಿಗ ತಾಯಂದಿರು ತಮ್ಮ ಹಳೆಯ ಹಸಿವನ್ನೆಲ್ಲ ಮಕ್ಕಳ ತಟ್ಟೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ಇದನ್ನು ಓದುವಾಗ ನನಗೆ ನಮ್ಮ ಮನೆಯ ಹಿರಿಯರು ಕಣ್ಣ ಮುಂದೆ ಬಂದರು. (ಬ್ರೂಕ್ ಅವರು ತಾಯಂದಿರ ಮೇಲೆಯೇ ತಪ್ಪನ್ನು ಹೆಚ್ಚಾಗಿ ಹೊರಿಸಿದರೆಂಬ ಆಕ್ಷೇಪ ಮುಂದೆ ಬಂತು, ಅದರಲ್ಲಿಯೂ ಹುರುಳಿದೆ.)

ದಪ್ಪಗಿರುವುದು ನೋಟದ ಮಾತಷ್ಟೇ ಎಂದು ಭಾವಿಸಿದ್ದವರನ್ನು ಎಚ್ಚರಿಸಿದ್ದು ಶವಪರೀಕ್ಷೆಗಳು. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಯೋಧರ ಹೃದಯಗಳ ಪರಿಶೀಲನೆ 1953ರಲ್ಲಿ ಪ್ರಕಟವಾಯಿತು. ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ಕಾಯಿಲೆಯ ಗುರುತುಗಳಿದ್ದವು. ಹಾಗಾದರೆ ಮೊದಲಾದುದು ಯಾವಾಗ? ಲೂಸಿಯಾನಾ ರಾಜ್ಯದ ಬೊಗಲೂಸಾ ಎಂಬ ಸಣ್ಣ ಊರಿನಲ್ಲಿ ಅಲ್ಲಿಯೇ ಹುಟ್ಟಿ ಬೆಳೆದ ಜೆರಾಲ್ಡ್ ಬೆರೆನ್ಸನ್ ಎಂಬ ವೈದ್ಯರು 1970ರ ದಶಕದ ಆರಂಭದಿಂದ ಶಾಲಾ ಮಕ್ಕಳ ತೂಕ, ರಕ್ತದೊತ್ತಡ, ಕೊಲೆಸ್ಟರಾಲುಗಳನ್ನು ಅಳೆಯುತ್ತಾ ಬಂದರು. ಅವರಲ್ಲಿ ಅಪಘಾತ ಮೊದಲಾದ ಕಾರಣಗಳಿಂದ ಎಳೆಯ ವಯಸ್ಸಿನಲ್ಲಿ ತೀರಿಕೊಂಡವರ ರಕ್ತನಾಳಗಳನ್ನೂ ನೋಡಿದರು. ಅಂಥ 204 ಮಂದಿಯ ವಿವರ 1998ರಲ್ಲಿ ಹೊರಬಂತು. ತೂಕ, ಒತ್ತಡ, ಕೊಬ್ಬು ಇವೆಲ್ಲ ಒಟ್ಟುಗೂಡಿದಷ್ಟೂ ನಾಳದೊಳಗಿನ ಕಲೆಗಳು ಹೆಚ್ಚಿದ್ದವು. ಮುದುಕರ ಕಾಯಿಲೆಯೆಂದು ನಾವು ಭಾವಿಸಿದ್ದು ಶಾಲೆಯ ಬೆಂಚಿನಲ್ಲಿಯೇ ಶುರುವಾಗಿರುತ್ತದೆ.

ಈಗ ಹರ್ಟ್‌ಫರ್ಡ್‌ಷೈರಿನ ದಫ್ತರಕ್ಕೆ ಮರಳೋಣ. ಸೌತಾಂಪ್ಟನ್ನಿನ ವೈದ್ಯ ಡೇವಿಡ್ ಬಾರ್ಕರ್ 1980ರ ದಶಕದಲ್ಲಿ ಇಂಗ್ಲೆಂಡಿನ ಮರಣಗಳ ನಕಾಶೆಗಳನ್ನು ನೋಡುತ್ತಿದ್ದಾಗ ವಿಚಿತ್ರವೊಂದು ಗಮನಕ್ಕೆ ಬಂತು. ಹೃದಯಾಘಾತ ಉಂಡು ತೇಗುವವರ ಕಾಯಿಲೆಯೆಂಬುದು ನಂಬಿಕೆ. ಆದರೆ ಅದು ಹೆಚ್ಚಾಗಿದ್ದುದು ಬಡತನದ ಪ್ರದೇಶಗಳಲ್ಲಿ. 1920ರ ದಶಕದಲ್ಲಿ ಶಿಶುಮರಣ ಎಲ್ಲೆಲ್ಲಿ ಹೆಚ್ಚಿತ್ತೋ ಅಲ್ಲಲ್ಲಿಯೇ. ಇದನ್ನು ಪರೀಕ್ಷಿಸಲು ಹಳೆಯ ಜನನ ತೂಕಗಳು ಬೇಕಾದವು. ಬರ್ನ್‌ಸೈಡ್ ಅವರ ಪುಸ್ತಕಗಳು ದೊರೆತವು. 1989ರಲ್ಲಿ ಬಾರ್ಕರ್ ತಂಡ 5,654 ಗಂಡಸರ ವಿವರ ಪ್ರಕಟಿಸಿತು. ಹುಟ್ಟುವಾಗ ಮತ್ತು ಒಂದು ವರ್ಷ ತುಂಬಿದಾಗ ತೀರಾ ಹಗುರವಾಗಿದ್ದವರೇ ಮುಂದೆ ಹೃದಯದ ಕಾಯಿಲೆಯಿಂದ ಹೆಚ್ಚಾಗಿ ಸತ್ತಿದ್ದರು. ತಾಯಿಯ ಗರ್ಭದಲ್ಲಿ ಆಹಾರ ಸಾಲದಾದಾಗ ಮಗುವಿನ ದೇಹ ಬಡತನಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಮುಂದೆ ಸಮೃದ್ಧಿ ಬಂದಾಗ ಆ ಹೊಂದಾಣಿಕೆಯೇ ಉರುಳಾಗುತ್ತದೆ. ಇದು ಅವರ ವಾದದ ತಿರುಳು.

ಇದಕ್ಕೆ ಪೂರಕವಾದ ಸಾಕ್ಷ್ಯ ಅದಾಗಲೇ ಹಾಲೆಂಡಿನಿಂದ ಬಂದಿತ್ತು. 1944-45ರ ಚಳಿಗಾಲದಲ್ಲಿ ನಾಜಿಗಳ ದಿಗ್ಬಂಧನದಿಂದ ಅಲ್ಲಿ ಘೋರ ಕ್ಷಾಮ ಉಂಟಾಯಿತು. ಆಗ ಗರ್ಭದಲ್ಲಿದ್ದವರು ಹತ್ತೊಂಬತ್ತನೆಯ ವಯಸ್ಸಿಗೆ ಸೇನಾ ತಪಾಸಣೆಗೆ ಬಂದಾಗಿನ ದಾಖಲೆಗಳನ್ನು, ಒಟ್ಟು ಸುಮಾರು 3 ಲಕ್ಷ ಯುವಕರದನ್ನು, ನೋಡಿ 1976ರಲ್ಲಿ ಬರೆದರು. ಗರ್ಭದ ಮೊದಲ ಅರ್ಧದಲ್ಲಿ ಕ್ಷಾಮಕ್ಕೆ ಸಿಕ್ಕವರಲ್ಲಿ ಬೊಜ್ಜು ಹೆಚ್ಚು. ಕೊನೆಯ ತಿಂಗಳುಗಳಲ್ಲಿ ಮತ್ತು ಹುಟ್ಟಿದ ಹೊಸದರಲ್ಲಿ ಸಿಕ್ಕವರಲ್ಲಿ ಕಡಿಮೆ. ಹಸಿವು ಯಾವ ಗಳಿಗೆಯಲ್ಲಿ ಬಂತೆಂಬುದರ ಮೇಲೆ ದೇಹದ ಹಣೆಬರಹ ಬೇರೆಯಾಯಿತು.

ಇನ್ನು ಮೈಸೂರು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. ವೆಸ್ಲಿಯನ್ ಮಿಷನ್ನಿನವರು ಕಳೆದ ಶತಮಾನದ ಆರಂಭದಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ಕಟ್ಟಿದ್ದು. ನಮ್ಮ ಅಕ್ಕ 1954ರಲ್ಲಿ ಹುಟ್ಟಿದ್ದು ಅಲ್ಲಿಯೇ. ಹೆರಿಗೆಯಾದ ಕೂಡಲೇ ದಾದಿ ಮಗುವನ್ನು ತಕ್ಕಡಿಯಲ್ಲಿಟ್ಟು, ಟೇಪಿನಿಂದ ತಲೆಯ ಸುತ್ತಳತೆ ತೆಗೆದುದನ್ನು ಕಂಡು ನಮ್ಮಮ್ಮ, "ಇದೇನು, ಮಗುವನ್ನು ಬಟ್ಟೆ ಅಳೆದ ಹಾಗೆ ಅಳೆಯುತ್ತಾರಲ್ಲ" ಎಂದು ಬೆದರಿದ್ದರಂತೆ. ಆ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು, ಅವನ್ನು ಜೋಪಾನವಾಗಿ ಉಳಿಸಿಯೂ ಇದ್ದರು. ಭಾರತದಲ್ಲಿ ಅಷ್ಟು ಹಳೆಯ, ಅಷ್ಟು ಪೂರ್ಣವಾದ ದಾಖಲೆಗಳು ತೀರಾ ಅಪರೂಪ. ಬರೆದ ದಾದಿಯರ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಾಯಕಿಯರು ಅವರೇ.

1990ರ ದಶಕದಲ್ಲಿ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆಸ್ಪತ್ರೆಯ ವೈದ್ಯರೊಂದಿಗೆ ಸೇರಿ ಆ ದಾಖಲೆಗಳನ್ನು ಬಿಚ್ಚಿದರು. ಆಸ್ಪತ್ರೆಯ ಸುತ್ತಲ ಬಡಾವಣೆಗಳಲ್ಲಿ ಮನೆಮನೆಗೂ ಹೋಗಿ, ನೀವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರೇ, ತಂದೆ ತಾಯಿಯ ಹೆಸರೇನು, ಎಷ್ಟನೆಯ ಮಗು ಎಂದು ವಿಚಾರಿಸಿ ದಾಖಲೆಗೆ ಹೊಂದಿಸಿದರು. ನಮ್ಮ ಹೆಂಗಸರ ಹೆಸರುಗಳಲ್ಲಿ ಲಕ್ಷ್ಮಮ್ಮ, ಜಯಮ್ಮಂದಿರು ಎಷ್ಟಿದ್ದಾರೆಂದು ಬಲ್ಲವರಿಗೆ ಆ ಕೆಲಸದ ಕಷ್ಟ ಅರ್ಥವಾದೀತು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಹಗುರವಾಗಿ, ಗಿಡ್ಡವಾಗಿ, ಚಿಕ್ಕ ತಲೆಯೊಂದಿಗೆ ಬಂದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. ತಾಯಿಯೂ ಬಡಕಲಾಗಿದ್ದರೆ ಮತ್ತೂ ಹೆಚ್ಚು. ಇಂಗ್ಲೆಂಡಿನ ಮಾತೇ ಇಲ್ಲಿಯೂ ನಿಜವಾಯಿತು.

ಆದರೆ ಮಧುಮೇಹದ ವಿಷಯದಲ್ಲಿ ಮೈಸೂರು ಬೇರೆಯೇ ಉತ್ತರ ಕೊಟ್ಟಿತು. 1998ರಲ್ಲಿ ಹೊರಬಂದ ವರದಿಯ ಪ್ರಕಾರ, ಇಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಬಂದದ್ದು ಹಗುರವಾಗಿ ಹುಟ್ಟಿದವರಿಗಲ್ಲ. ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಿಗೆ, ಅದರಲ್ಲಿಯೂ ತಾಯಂದಿರು ಭಾರವಾಗಿದ್ದವರಿಗೆ. ಹಾಗಾದರೆ ಆ ತಾಯಂದಿರಿಗೆ ಬಸಿರಿನಲ್ಲಿಯೇ ಸಕ್ಕರೆ ಏರಿತ್ತೇ? ಆ ಕಾಲದಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಆದ್ದರಿಂದ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಹೊಸ ಗರ್ಭಿಣಿಯರನ್ನು ಸೇರಿಸಿಕೊಂಡು ಪರೀಕ್ಷಿಸಿದರು. ನೂರಕ್ಕೆ ಸುಮಾರು 6 ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಮಕ್ಕಳನ್ನು ಡಾ. ಜಿ. ವಿ. ಕೃಷ್ಣವೇಣಿ ಮತ್ತು ತಂಡ ವರ್ಷಾನುವರ್ಷ ಅಳೆಯುತ್ತಾ ಬಂತು. ಐದನೆಯ ವರ್ಷಕ್ಕೇ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೊಬ್ಬು ಹೆಚ್ಚಿತ್ತು. ಒಂಬತ್ತೂವರೆ ವರ್ಷಕ್ಕೆ ಗಂಡು ಹೆಣ್ಣೆನ್ನದೆ ಇನ್ಸುಲಿನ್ ಪ್ರತಿರೋಧವೂ ರಕ್ತದೊತ್ತಡದಂಥ ಲಕ್ಷಣಗಳೂ ಹೆಚ್ಚು ಕಂಡವು. ಧನಸಹಾಯ ಮಾಡಿದ ಸ್ವಿಟ್ಜರ್ಲೆಂಡಿನ ನ್ಯಾಸದ ಹೆಸರಿನಿಂದ ಈ ಅಧ್ಯಯನಕ್ಕೆ ಪಾರ್ಥೆನಾನ್ ಎಂದು ಹೆಸರು. ಗ್ರೀಕ್ ದೇಗುಲದ ಹೆಸರು ಮಂಡಿ ಮೊಹಲ್ಲಾಕ್ಕೆ ಬಂದ ಬಗೆ ನೋಡಿ!

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು ಇನ್ನೊಂದು ಬಾಗಿಲು ತೆರೆದರು. 1993ರಿಂದ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳನ್ನು ಸೌತಾಂಪ್ಟನ್ನಿನ ಶಿಶುಗಳೊಂದಿಗೆ ಹೋಲಿಸಿದರು. ಇಲ್ಲಿಯ ಸರಾಸರಿ ತೂಕ 2.7 ಕಿಲೋ, ಅಲ್ಲಿಯದು 3.5 ಕಿಲೋ. ನಮ್ಮ ಶಿಶುಗಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಚಿಕ್ಕವು. ಆದರೆ ಚರ್ಮದಡಿಯ ಕೊಬ್ಬು ಮಾತ್ರ ಬಹುಮಟ್ಟಿಗೆ ಉಳಿದುಕೊಂಡಿತ್ತು. ಕಣ್ಣಿಗೆ ಬಡಕಲು, ಒಳಗೆ ಕೊಬ್ಬು. ಇದೇ ಮಾತನ್ನು ಅವರು 2004ರಲ್ಲಿ ಒಂದು ಭಾವಚಿತ್ರದಿಂದ ಜಗತ್ತಿಗೆ ಹೇಳಿದರು. ಚಿತ್ರದಲ್ಲಿರುವವರು ಇಬ್ಬರು ವೈದ್ಯರು: ಯಾಜ್ಞಿಕ್ ಮತ್ತು ಅವರ ಲಂಡನ್ನಿನ ಸ್ನೇಹಿತ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ ಸರಿಯಾಗಿ 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ತಕ್ಕಡಿ ಇಬ್ಬರನ್ನೂ ಸಮ ಎಂದಿತು! ನಮ್ಮ ಮಕ್ಕಳಿಗೆ ಗೆರೆಯನ್ನು ಕೆಳಗೆ ಎಳೆದದ್ದೇಕೆಂದು ಈಗ ತಿಳಿಯಿತಷ್ಟೆ.

ದೆಹಲಿಯ ಸಂಗತಿ ಇನ್ನೂ ಸೂಕ್ಷ್ಮ. 1969ರಿಂದ ದಕ್ಷಿಣ ದೆಹಲಿಯಲ್ಲಿ ಹುಟ್ಟಿದ ಮಕ್ಕಳನ್ನು ಡಾ. ಸಂತೋಷ್ ಭಾರ್ಗವ ಅವರ ತಂಡ ಆಗಾಗ ಅಳೆಯುತ್ತಾ ಬಂದಿತ್ತು. ಅವರಲ್ಲಿ 1,492 ಮಂದಿ ಇಪ್ಪತ್ತಾರರಿಂದ ಮೂವತ್ತೆರಡರ ವಯಸ್ಸಿಗೆ ಬಂದಾಗ ಸಕ್ಕರೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಸಕ್ಕರೆ ಏರಿದ್ದವರು ಎರಡು ವರ್ಷದವರೆಗೆ ತೆಳ್ಳಗಿದ್ದ ಮಕ್ಕಳು. ಅನಂತರ ಎರಡರಿಂದ ಹನ್ನೆರಡರ ನಡುವೆ ಅವರ ಬಿಎಂಐ ಇತರರಿಗಿಂತ ಬೇಗಬೇಗನೆ ಏರಿತ್ತು. ಗಮನಿಸಬೇಕಾದುದು ಇದು: ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಸ್ಥೂಲಕಾಯರೆನಿಸುವಷ್ಟು ದಪ್ಪಗಿರಲಿಲ್ಲ. ಶಾಲೆಯ ಫೋಟೋದಲ್ಲಿ ನೀವು ಅವರನ್ನು ಗುರುತಿಸಲಾರಿರಿ. ಕೆಡುಕು ಇದ್ದದ್ದು ಗಾತ್ರದಲ್ಲಲ್ಲ, ಏರಿದ ಬಗೆಯಲ್ಲಿ.

ಇದನ್ನು ಓದಿ ನಾನು ಪುಸ್ತಕ ಮುಚ್ಚಿ ನನ್ನ ವಿದ್ಯಾರ್ಥಿಗೆ ದೂರವಾಣಿ ಮಾಡಿದೆ. ಅವನು ಮನೆಯಲ್ಲಿಯೇ ಹುಟ್ಟಿದವನು, ತೂಗಿದವರಿಲ್ಲ. ಆದರೆ ಅವನ ತಾಯಿ ಹೇಳಿದರಂತೆ: "ಇಲಿಮರಿಯ ಹಾಗಿದ್ದ. ಉಳಿಯುತ್ತಾನೋ ಇಲ್ಲವೋ ಎಂದು ಹರಕೆ ಹೊತ್ತಿದ್ದೆವು. ಆಮೇಲೆ ತುಪ್ಪ, ಬೆಲ್ಲ, ಹಾಲು ಎಂದು ಸಾಕಿ ಸಾಕಿ ಮೈ ತುಂಬಿಸಿದೆವು." ಆ ತಾಯಿಯನ್ನು ದೂರುವವರು ಯಾರು? ಸಾಯುವ ಮಗುವನ್ನು ಉಳಿಸಿಕೊಂಡವರು ಅವರು. ಎಳೆಯ ವಯಸ್ಸಿನಲ್ಲಿ, ಎರಡು ವರ್ಷದೊಳಗೆ, ಅಂಥ ಮಗುವಿಗೆ ಉಣಿಸಲೇಬೇಕು. ತೊಂದರೆ ಅದಾದ ಮೇಲೂ ನಿಲ್ಲಿಸದೆ ತುಂಬುವುದರಲ್ಲಿದೆ ಎಂದು ಇಂದಿನ ತಿಳಿವಳಿಕೆ. 1983ರ ಹಳ್ಳಿಯ ತಾಯಿಗೆ ಅದನ್ನು ಹೇಳಬಲ್ಲವರು ಯಾರಿದ್ದರು?

ಅಂಥ ದೇಹಗಳ ಮೇಲೆ 1991ರ ಅನಂತರದ ಕಾಲ ಬಂದು ಕುಳಿತಿತು. ಅದರ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಏಕೆಂದರೆ ಅದರಲ್ಲಿ ಬೆಳೆದವರು ನೀವೇ. ಆಮದಿನ ತಾಳೆ ಎಣ್ಣೆ ಅಗ್ಗವಾಯಿತು, ತಂಪು ಪಾನೀಯದ ಬಾಟಲಿ ಹಳ್ಳಿಯ ಪೆಟ್ಟಿಗೆ ಅಂಗಡಿಗೂ ಬಂತು, ಒಂದೆರಡು ರೂಪಾಯಿಯ ಕುರುಕಲಿನ ಪೊಟ್ಟಣಗಳು ತೋರಣದಂತೆ ತೂಗಾಡಿದವು. ಶಾಲೆಗೆ ನಡೆದು ಬರುತ್ತಿದ್ದವರಿಗೆ ವ್ಯಾನು ಬಂತು. ಮನೆಪಾಠ ಬಂತು. ಇವೆಲ್ಲವನ್ನೂ ದೂರುವಾಗ ನಾನು ಒಂದನ್ನು ಮುಚ್ಚಿಡಬಾರದು. ಹತ್ತನೆಯ ತರಗತಿಯ ಆಟದ ಪಿರಿಯಡ್ಡನ್ನು ದೈಹಿಕ ಶಿಕ್ಷಕರಿಂದ ಕೇಳಿ ಪಡೆದು, ಇತಿಹಾಸದ ಪುನರಾವರ್ತನೆಗೆ ಬಳಸಿಕೊಂಡ ಮೇಷ್ಟರಲ್ಲಿ ನಾನೂ ಒಬ್ಬ. ನವೆಂಬರಿನಿಂದ ಮಾರ್ಚಿಯವರೆಗೆ ನಮ್ಮ ಮೈದಾನದಲ್ಲಿ ಹತ್ತನೆಯ ತರಗತಿಯವರ ಹೆಜ್ಜೆಯೇ ಬೀಳುತ್ತಿರಲಿಲ್ಲ. ನೂರಕ್ಕೆ ನೂರು ಫಲಿತಾಂಶವೆಂದು ನನಗೆ ಶಾಲು ಹೊದೆಸಿದ್ದೂ ಉಂಟು.

ಅಂಕಿಗಳು ಬೇಕೆನ್ನುವವರಿಗೆ ಕೆಲವನ್ನು ಕೊಡುತ್ತೇನೆ. ಜಗತ್ತಿನಲ್ಲಿ 5ರಿಂದ 19 ವರ್ಷದ ಸ್ಥೂಲಕಾಯದ ಮಕ್ಕಳು 1975ರಲ್ಲಿ ಸುಮಾರು 1 ಕೋಟಿ 10 ಲಕ್ಷ. 2016ರಲ್ಲಿ 12 ಕೋಟಿ 40 ಲಕ್ಷ. 2022ರಲ್ಲಿ ಸುಮಾರು 16 ಕೋಟಿ. 2025ರಲ್ಲಿ ಯುನಿಸೆಫ್ ಸಂಸ್ಥೆ ಪ್ರಕಟಿಸಿದ ಅಂದಾಜಿನಂತೆ ಈ ವಯಸ್ಸಿನವರಲ್ಲಿ ಸ್ಥೂಲಕಾಯರು ನೂರಕ್ಕೆ 9.4, ತೂಕ ಸಾಲದವರು 9.2. ದಪ್ಪದ ತಟ್ಟೆ ತೆಳುವಿನ ತಟ್ಟೆಗಿಂತ ಕೆಳಗಿಳಿದದ್ದು ಇದೇ ಮೊದಲು. ಮಕ್ಕಳಿಗೆ ಬರುವುದೇ ಇಲ್ಲವೆಂದು ನಂಬಿದ್ದ ಎರಡನೆಯ ಬಗೆಯ ಮಧುಮೇಹ ಅಮೆರಿಕದ ಸಿನ್ಸಿನಾಟಿಯ ಹದಿಹರೆಯದವರಲ್ಲಿ 1982ರಿಂದ 1994ರೊಳಗೆ ಹತ್ತು ಪಟ್ಟಾಯಿತೆಂದು 1996ರಲ್ಲಿ ವರದಿಯಾಯಿತು. ಅಂದರೆ ನಾನು ಕೊರಳು ಉಜ್ಜಿಸಿದ ಆಸುಪಾಸಿನಲ್ಲಿಯೇ.

ನಮ್ಮ ದೇಶದಲ್ಲಿ ಮಾತ್ರ ಎರಡೂ ತಟ್ಟೆಗಳು ಭಾರವಾಗಿವೆ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ತೀರಾ ತೆಳ್ಳಗಿದ್ದರು, 5 ಮಂದಿ ಅತಿತೂಕದವರು. ಆದರೆ ಶಾಲಾ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 10 ಮಂದಿಯ ರಕ್ತದಲ್ಲಿ ಸಕ್ಕರೆ ಆಗಲೇ ಮಧುಮೇಹದ ಹೊಸ್ತಿಲಿಗೆ ಬಂದಿತ್ತು. ಐದು ದಪ್ಪ ಮಕ್ಕಳು, ಹತ್ತು ಸಕ್ಕರೆಯ ಮಕ್ಕಳು! ಈ ಲೆಕ್ಕ ಹೊಂದದೆ ಇರುವುದರ ಗುಟ್ಟು ಪುಣೆ, ದೆಹಲಿ, ಮೈಸೂರುಗಳ ಆ ದಫ್ತರಗಳಲ್ಲಿಯೇ ಇದೆಯೆಂದು ನನ್ನ ಊಹೆ. ಆದ್ದರಿಂದಲೇ, ಮಕ್ಕಳು ದಪ್ಪಗಾಗುತ್ತಿದ್ದಾರೆ, ಬಿಸಿಯೂಟದ ಹಾಲು ಮೊಟ್ಟೆ ಏಕೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಲು ಮೊಟ್ಟೆ ಸಿಗದ ತೆಳ್ಳಗಿನ ಹುಡುಗಿಯೇ ಹತ್ತು ವರ್ಷದ ಮೇಲೆ ತೆಳ್ಳಗಿನ ತಾಯಿ. ಸರಿಪಡಿಸಬೇಕಾದುದು ಗೇಟಿನ ಹೊರಗಿನ ಅಂಗಡಿ. ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿನಿಸುಗಳನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರಿನೊಳಗೂ ಮಾರಬಾರದೆಂದು 2020ರಲ್ಲಿಯೇ ಕೇಂದ್ರದ ನಿಯಮ ಬಂದಿದೆ. ನನ್ನ ಸಂಜೆಯ ನಡಿಗೆಯ ದಾರಿಯಲ್ಲಿ ಎರಡು ಶಾಲೆಗಳಿವೆ. ಎರಡರ ಗೇಟಿನೆದುರೂ ತೋರಣಗಳು ತೂಗಾಡುತ್ತಿವೆ. ಹೆಜ್ಜೆ ಎಣಿಸಿ ನೋಡಿದ್ದೇನೆ, ಹದಿನೆಂಟು ಮತ್ತು ಇಪ್ಪತ್ತೆರಡು.

ಆ ದಿನ ಹೊರಡುವ ಮುನ್ನ ಹುಡುಗ ಮೆಲ್ಲನೆ ನನ್ನನ್ನು ಕೇಳಿದ: "ತಾತಾ, ನಮ್ಮಪ್ಪನನ್ನು ನಿಜವಾಗಿಯೂ ಎಲ್ಲರ ಮುಂದೆ ನಲ್ಲಿಗೆ ಕಳಿಸಿದ್ದಿರಾ?" ಹೌದಪ್ಪಾ, ನನಗೆ ತಿಳಿದಿರಲಿಲ್ಲ, ತಪ್ಪು ಮಾಡಿದೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಶಾಲೆಯಲ್ಲಿಯೂ ಹುಡುಗರು ತನ್ನ ಕೊರಳನ್ನು ಕುರಿತು ಅಂದು ಆಡಿಕೊಳ್ಳುತ್ತಾರೆಂದೂ ಆದ್ದರಿಂದ ಈಜಲು ಹೋಗುವುದನ್ನು ಬಿಟ್ಟಿದ್ದೇನೆಂದೂ ಹೇಳಿದ. ಈ ಮಾತು ಅವನ ತಂದೆಗೂ ಹೊಸದು. ಈಗ ತಂದೆ ಮಗ ಇಬ್ಬರೂ ಬೆಳಗಿನ ಹೊತ್ತು, ಬೇರೆ ಹುಡುಗರಿಲ್ಲದ ವೇಳೆಯಲ್ಲಿ, ಈಜಲು ಹೋಗುತ್ತಿದ್ದಾರಂತೆ. ತೂಕ ಇಳಿದರೆ ಕೊರಳಿನ ಕಪ್ಪೂ ತಿಳಿಯಾಗುತ್ತದೆಂದು ವೈದ್ಯರು ಹೇಳಿದ್ದಾರೆ. ಮುಂದಿನ ಸಕ್ಕರೆ ಪರೀಕ್ಷೆ ಯುಗಾದಿಯ ವೇಳೆಗೆ.

ನನ್ನ ಬಳಿ ಹಳೆಯ ಹಾಜರಿ ಪುಸ್ತಕಗಳಿಲ್ಲ, ಎಲ್ಲ ಹೆಸರುಗಳೂ ನೆನಪಿಲ್ಲ. ಸೋಮವಾರಗಳಂದು ನಾನು ಹಾಗೆ ನಲ್ಲಿಯ ಬಳಿಗೆ ಕಳುಹಿಸಿದವರು ನಿಮ್ಮಲ್ಲಿ ಇನ್ನೂ ಯಾರಾದರೂ ಇದ್ದರೆ, ಸಂಕೋಚಪಡದೆ ನನಗೊಂದು ಮಾತು ಬರೆಯಿರಿ. ಸಕ್ಕರೆ ಪರೀಕ್ಷೆ ಮಾಡಿಸಿಕೊಂಡಿರಾ ಎಂಬುದನ್ನೂ ತಿಳಿಸಿ.